ಇವತ್ತಿನ ಶಿಲ್ಕು

ಬರೆಯುವವಳು ಎಂದು ಊರಲ್ಲಿ ಒಮ್ಮೆ ಹೆಸರು ಬಿದ್ದರೆ ಆಮೇಲೆ ನೆಮ್ಮದಿಯಾಗಿ ಬೆಂಡೆಕಾಯಿ ಕೊಳ್ಳುವುದೂ ಕಷ್ಟ. ತುದಿ ಮುರಿದು ಎಳೆಯದೋ ಬಲಿತದ್ದೋ ಎಂದು ನೋಡುತ್ತಿರುತ್ತೇನೆ, ಬೆನ್ನ ಹಿಂದಿನಿಂದ ದನಿ ಬರುತ್ತದೆ: “ಏನ್ ಮೇಡಂ, ಹೊಸದೇನರ ಬರದ್ರ್ಯಾ?” ಕೇಳಿದವರು ನನ್ನ ಒಂದು ಸಾಲನ್ನೂ ಓದಿರುವುದಿಲ್ಲ, ಓದುವ ಇರಾದೆಯೂ ಅವರಿಗಿಲ್ಲ. ಡಾಕ್ಟರನ್ನು ಕಂಡರೆ ಮಂಡಿನೋವು ನೆನಪಾಗುವ ಜನಕ್ಕೆ ನನ್ನನ್ನು ಕಂಡರೆ ಈ ಪ್ರಶ್ನೆ ನೆನಪಾಗುತ್ತದೆ, ಅಷ್ಟೆ. “ನಡದೈತಿ” ಎನ್ನುತ್ತೇನೆ. ತಕ್ಕಡಿ ಹಿಡಿದ ಹೆಂಗಸು ತಲೆಯೆತ್ತಿ ಒಮ್ಮೆ ನನ್ನ ಮುಖ ನೋಡುತ್ತಾಳೆ. ಇಡೀ ಬಳ್ಳಾರಿಯಲ್ಲಿ ನನ್ನ ಸುಳ್ಳು ಗೊತ್ತಿರುವುದು ಅವಳೊಬ್ಬಳಿಗೇ ಎಂದು ನನ್ನ ಗುಮಾನಿ.

ಯಾಕೆಂದರೆ ಏನೂ ನಡೆದಿರುವುದಿಲ್ಲ. ತಿಂಗಳುಗಟ್ಟಲೆ ಒಂದು ವಾಕ್ಯವೂ ನಡೆದಿರುವುದಿಲ್ಲ. ಅದಕ್ಕೆ ಕಾರಣಗಳಿಗೇನು ಬರವೇ? ಬಳ್ಳಾರಿಯಲ್ಲಿ ಹುಟ್ಟಿದವರಿಗೆ ಬಿಸಿಲೊಂದೇ ಸಾಕು, ಜನ್ಮವಿಡೀ ಏನೂ ಮಾಡದೆ ಇರಲು. ಮಾರ್ಚಿ ಮುಗಿಯುವ ಹೊತ್ತಿಗೆ ಫ್ಯಾನು ಬಿಸಿಗಾಳಿಯನ್ನೇ ತಿರುವಿ ತಿರುವಿ ಕೊಡುತ್ತದೆ, ಮುಂಗೈ ಬೆವರಿಗೆ ಕಾಗದ ಅಂಟಿಕೊಳ್ಳುತ್ತದೆ, ಮಧ್ಯಾಹ್ನ ಕರೆಂಟು ಹೋಗುತ್ತದೆ. ಮಳೆ ಬಂದರೆ ಬರೆಯೋಣ ಎಂದುಕೊಳ್ಳುತ್ತೇನೆ. ಮಳೆ ಬಂದರೆ ಮಿರ್ಚಿ ಕರಿಯಬೇಕಾಗುತ್ತದೆ. ಚಳಿ ನಮ್ಮೂರಿಗೆ ಬರುವುದೇ ಕಡಿಮೆ, ಬಂದಾಗ ಅದನ್ನು ಬರೆಯುವುದಕ್ಕೆಂದು ವ್ಯರ್ಥ ಮಾಡಲು ಮನಸ್ಸಾಗುವುದಿಲ್ಲ.

ಮೇಜಿನದೂ ತಪ್ಪಿತ್ತು ಎಂದು ಒಮ್ಮೆ ಅನಿಸಿತ್ತು. ಕಿಟಕಿಯ ಪಕ್ಕಕ್ಕೆ ಸರಿಸಿದೆ. ಅಲ್ಲಿಂದ ಬಳ್ಳಾರಿ ಗುಡ್ಡ ಕಾಣುತ್ತದೆ. ಬೋಳು ಬಂಡೆ, ಅದರ ನೆತ್ತಿಯ ಮೇಲೆ ಹನುಮಪ್ಪ ನಾಯಕನ ಕೋಟೆ, ಕೆಳಗೆ ಹೈದರಾಲಿ ಕಟ್ಟಿಸಿದ ಕೋಟೆ. ಗುಡ್ಡ ನೋಡುತ್ತಾ ಕೂತರೆ ಬರೆಯಬೇಕೆನ್ನುವುದೇ ಸಣ್ಣತನ ಅನಿಸಿಬಿಡುತ್ತದೆ. ಮೇಜನ್ನು ಗೋಡೆಯ ಕಡೆ ತಿರುಗಿಸಿದೆ. ಗೋಡೆಗೆ ಬಣ್ಣ ಹೊಡೆಸಬೇಕು ಅನಿಸಿತು. ನೋಟ್‌ಬುಕ್ಕುಗಳ ಕತೆಯಂತೂ ಬೇಡ. ಬೆಂಗಳೂರು ರೋಡಿನ ಅಂಗಡಿಗಳಲ್ಲಿ ಒಳ್ಳೆಯ ಕಾಗದದ ಪುಸ್ತಕ ಕಂಡರೆ ನಾನು ಬಿಟ್ಟವಳಲ್ಲ. ನನ್ನ ಕಪಾಟಿನಲ್ಲಿರುವ ಪುಸ್ತಕಗಳಿಗೆಲ್ಲ ಮೊದಲ ಪುಟ ಮಾತ್ರ ಇದೆ. ಆ ಮೊದಲ ಪುಟಗಳನ್ನೇ ಬಿಡಿಸಿ ಹೊಲಿದರೆ ಒಂದು ಸಂಕಲನ ಆದೀತು, ಎಲ್ಲ ಕತೆಗಳೂ ಮುಂಜಾನೆ ಶುರುವಾಗಿ ಹಕ್ಕಿ ಕೂಗುವಲ್ಲಿಗೆ ನಿಂತವು.

ದೊಡ್ಡವರು ಹೇಗೆ ಬರೆದರು ಎಂದು ಓದುವುದು ಬರೆಯದವರ ಮುಖ್ಯ ಕಸುಬು. ನಾನೂ ಓದಿದೆ. ಇಂಗ್ಲೆಂಡಿನ ಅಂಚೆ ಇಲಾಖೆಯಲ್ಲಿದ್ದ ಆಂಥನಿ ಟ್ರೋಲೋಪ್ ಬೆಳಗಿನ ಐದೂವರೆಗೆ ಮೇಜಿಗೆ ಕೂರುತ್ತಿದ್ದನಂತೆ, ಎದುರಿಗೆ ಗಡಿಯಾರ, ಕಾಲು ಗಂಟೆಗೆ 250 ಪದ. ಒಂದು ಕಾದಂಬರಿ ಮುಗಿದರೆ ಅದೇ ಬೈಠಕ್ಕಿನಲ್ಲಿ ಇನ್ನೊಂದು ಶುರು. ಆಮೇಲೆ ಆಫೀಸು. 1883ರಲ್ಲಿ, ಅವನು ತೀರಿಕೊಂಡ ಮರುವರ್ಷ, ಆತ್ಮಕತೆ ಹೊರಬಂದು ಈ ಗುಟ್ಟು ರಟ್ಟಾದಾಗ ಓದುಗರಿಗೆ ಬೇಸರವಾಯಿತು. ದೇವರು ಮೈಮೇಲೆ ಬಂದು ಬರೆಸಿದ್ದೆಂದು ನಂಬಿದವರಿಗೆ ಗಡಿಯಾರ ನೋಡಿ ಬರೆದದ್ದೆಂದರೆ ಸಿಟ್ಟು ಬರುವುದೇ. ನನಗೆ ಸಿಟ್ಟು ಬರಲಿಲ್ಲ, ಆಸೆ ಬಂತು. ನಾನೂ ಗಡಿಯಾರ ಇಟ್ಟುಕೊಂಡು ಐದೂವರೆಗೆ ಕೂತೆ. ನಲ್ಲಿಯಲ್ಲಿ ನೀರು ಬಂತು. ನಲ್ಲಿಯಲ್ಲಿ ನೀರು ಬಂದಾಗ ಬಳ್ಳಾರಿಯಲ್ಲಿ ಯಾರೂ ಕಾದಂಬರಿ ಬರೆಯುವುದಿಲ್ಲ. ಡ್ರಮ್ಮು, ಕೊಡ, ಬಕೀಟು ಎಲ್ಲ ತುಂಬಿಸಿ ತಿರುಗಿ ಬರುವಷ್ಟರಲ್ಲಿ ಹಾಲಿನವನು. ಟ್ರೋಲೋಪನಿಗೆ ಬೆಳಗಿನ ಕಾಫಿ ತಂದುಕೊಡಲೆಂದೇ ಒಬ್ಬ ಆಳಿದ್ದನೆಂಬುದನ್ನು ಆಮೇಲೆ ಗಮನಿಸಿದೆ. ಇಂಥ ಸಂಗತಿಗಳನ್ನು ಸಣ್ಣ ಅಕ್ಷರದಲ್ಲಿ ಹಾಕುತ್ತಾರೆ.

ಅಷ್ಟು ದೂರ ಯಾಕೆ, ನಮ್ಮ ಬೀchi ಇಲ್ಲವೇ ಎಂದು ನನ್ನ ಗಂಡ ಹೇಳಿದರು. ಅವರು ಆ ಹೆಸರನ್ನು ಹೇಳುವುದು ನಾನು ನಗಲಿ ಎಂದು. ಬೀಚಿ, ಅಂದರೆ ರಾಯಸಂ ಭೀಮಸೇನರಾವ್, 1913ರಲ್ಲಿ ಹುಟ್ಟಿದ್ದು ಹರಪನಹಳ್ಳಿಯಲ್ಲಿ. ಆಗ ಅದು ಬಳ್ಳಾರಿ ಜಿಲ್ಲೆ. ನಡುವೆ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, ಈಗ ವಿಜಯನಗರ ಜಿಲ್ಲೆ. ಈ ಓಡಾಟ ನೋಡಿದ್ದರೆ ಬೀಚಿಯವರ ತಿಂಮ ಸುಮ್ಮನಿರುತ್ತಿರಲಿಲ್ಲ. ಪೊಲೀಸ್ ಇಲಾಖೆಯಲ್ಲಿ ನೌಕರಿ. ಕನ್ನಡದಲ್ಲಿ ಓದುವಂಥದ್ದೇನಿದೆ ಎಂದು ಮೂಗು ಮುರಿಯುತ್ತಿದ್ದ ಆ ಮನುಷ್ಯನ ಕೈಗೆ ಅ.ನ.ಕೃ. ಅವರ ‘ಸಂಧ್ಯಾರಾಗ’ ಸಿಕ್ಕಿತು, ಅಲ್ಲಿಂದ ಕತೆಯೇ ಬೇರೆ. ಕಾದಂಬರಿ, ನಾಟಕ, ಅಂಕಣ, ಓದುಗರ ಪ್ರಶ್ನೆಗೆ ಉತ್ತರ, ಕೊನೆಗೆ ‘ನನ್ನ ಭಯಾಗ್ರಫಿ’. ಹಗಲೆಲ್ಲ ಇಲಾಖೆಯ ಕಾಗದ, ಆಮೇಲೆ ಇದು. ಅವರಿಗೆ ಬರೆಯಲು ತೋಚದ ದಿನಗಳೇ ಇರಲಿಲ್ಲವೇ? ಇದ್ದಿರಬೇಕು. ಆದರೆ ಪತ್ರಿಕೆಯಲ್ಲಿ ಅಂಕಣದ ಜಾಗ ಖಾಲಿ ಬಿಟ್ಟುಕೊಂಡು ಕಾಯುವವರು ಇದ್ದರು. ನನ್ನನ್ನು ಯಾರೂ ಕಾಯುತ್ತಿಲ್ಲ, ಬೆಂಡೆಕಾಯಿಯ ಹತ್ತಿರ ಕೇಳುವವರನ್ನು ಬಿಟ್ಟರೆ.

ಕಾಯುವವರು ಎಂದಾಗ ಬಳ್ಳಾರಿಯ ವಕೀಲರು ನೆನಪಾಗುತ್ತಾರೆ. ಈಗಿನವರಲ್ಲ, ನೂರು ವರ್ಷಕ್ಕೂ ಹಿಂದಿನವರು. ಧರ್ಮವರಂ ರಾಮಕೃಷ್ಣಮಾಚಾರ್ಯರು ಮತ್ತು ಕೋಲಾಚಲಂ ಶ್ರೀನಿವಾಸರಾವ್, ಇಬ್ಬರೂ ಇದೇ ಊರಿನಲ್ಲಿ ವಕೀಲಿ ಮಾಡುತ್ತಿದ್ದವರು, ಇಬ್ಬರೂ ತೆಲುಗಿನಲ್ಲಿ ಹತ್ತಾರು ನಾಟಕ ಬರೆದವರು. ಒಬ್ಬರದು ಸರಸ ವಿನೋದಿನಿ ಸಭಾ, ಇನ್ನೊಬ್ಬರದು ಸುಮನೋರಮಾ ಸಭಾ. ಕೋರ್ಟಿನಿಂದ ಬಂದು ಕೋಟು ಬಿಚ್ಚಿಡುವುದಕ್ಕಿಲ್ಲ, ಪಾತ್ರಧಾರಿಗಳು ಮಾತಿಗಾಗಿ ಬಾಗಿಲಲ್ಲಿ ನಿಂತಿರುತ್ತಿದ್ದರೆಂದು ನನ್ನ ಕಲ್ಪನೆ. ಎದುರು ಸಭಾದವರು ಹೊಸ ನಾಟಕ ಎತ್ತಿದರೆಂಬ ಸುದ್ದಿ ಬಂದರಂತೂ ಅಂಕಕ್ಕೆ ಅಂಕ ತಾನೇ ಹರಿದಿರಬೇಕು. ಧರ್ಮವರಂ ಅವರ ಸೋದರಳಿಯನೇ ಬಳ್ಳಾರಿ ರಾಘವ. ಅವರೂ ವಕೀಲರು, ಮಾವನ ನೆರಳಲ್ಲಿ ರಂಗಕ್ಕೆ ಬಂದು ಮಾವನನ್ನು ಮೀರಿ ಬೆಳೆದವರು. ಇವತ್ತಿಗೂ ಊರಿನ ನಾಟಕಗಳೆಲ್ಲ ರಾಘವ ಕಲಾಮಂದಿರದಲ್ಲೇ.

ನನಗೂ ಒಬ್ಬ ಸೋದರಮಾವ ಇದ್ದ. ನಾಟಕದವನಲ್ಲ, ಸಿರುಗುಪ್ಪದ ಒಂದು ರೈಸ್‌ಮಿಲ್ಲಿನಲ್ಲಿ ಗುಮಾಸ್ತ. ನಾನು ಕಂಡವರಲ್ಲಿ ದಿನಾ ಬರೆದ ಮನುಷ್ಯನೆಂದರೆ ಅವನೊಬ್ಬನೇ.

ಬೇಸಿಗೆ ರಜೆಗೆ ಕುರುಗೋಡಿನಿಂದ ನಮ್ಮನ್ನು ಸಿರುಗುಪ್ಪಕ್ಕೆ ಕಳಿಸುತ್ತಿದ್ದರು. ನಮ್ಮದು ಒಣ ಊರು, ಕಲ್ಲುಗುಡ್ಡದ ಊರು. ಅದು ತುಂಗಭದ್ರೆಯ ಊರು. ವಿಜಯನಗರದ ಕಾಲದಲ್ಲೇ ಸಿರುಗುಪ್ಪಕ್ಕೂ ದೇಶನೂರಿಗೂ ಅಣೆಕಟ್ಟು ಹಾಕಿ ಕಾಲುವೆ ತೆಗೆದಿದ್ದರು, 1953ರಲ್ಲಿ ಹೊಸಪೇಟೆಯ ಹತ್ತಿರ ದೊಡ್ಡ ಡ್ಯಾಮಿನಿಂದ ನೀರು ಬಿಟ್ಟ ಮೇಲೆ ಎತ್ತ ನೋಡಿದರೂ ನೆಲ್ಲು. ಊರೊಳಗೆ ಕಾಲಿಟ್ಟರೆ ತೌಡಿನ ವಾಸನೆ, ಬಿಸಿಯಾದ ಸಿಹಿ ವಾಸನೆ ಅದು, ಎರಡು ದಿನಕ್ಕೆ ಲಂಗಕ್ಕೂ ಜಡೆಗೂ ಹತ್ತಿಕೊಳ್ಳುತ್ತಿತ್ತು. ಮಿಲ್ಲಿನ ಹಿಂದೆ ಹೊಟ್ಟಿನ ಗುಡ್ಡ. ಅದರ ಮೇಲೆ ಹತ್ತಬಾರದು ಎಂದು ಮಾವ ಹೇಳುವುದು, ನಾವು ಹತ್ತುವುದು, ಮೊಣಕಾಲವರೆಗೆ ಹುಗಿದುಹೋಗಿ ರಾತ್ರಿಯೆಲ್ಲ ಕೆರೆದುಕೊಳ್ಳುವುದು, ಇದು ರಜೆ.

ಮಾವ ಕೂರುವ ಜಾಗ ಕಾಟಾದ ಪಕ್ಕದ ಸಣ್ಣ ಕೋಣೆ. ನೆಲದ ಮೇಲೆ ಗಾದಿ, ಮುಂದೆ ಇಳಿಜಾರಿನ ಮರದ ಪೆಟ್ಟಿಗೆ, ಅದರ ಮೇಲೆ ಕಿರ್ದಿ. ಕೆಂಪು ಬಟ್ಟೆಯ ರಟ್ಟು, ಉದ್ದನೆಯ ಹಾಳೆ, ಮಡಚಿದ ಗೆರೆಗಳೇ ಕಾಲಮ್ಮು. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಮೇಲೆ ‘ಶ್ರೀ’, ಅದರ ಕೆಳಗೆ ತಾರೀಖು, ಮೊದಲ ಸಾಲು ಯಾವಾಗಲೂ ಒಂದೇ: ಆರಂಭ ಶಿಲ್ಕು ಇಷ್ಟು. ನಿನ್ನೆ ಪೆಟ್ಟಿಗೆಯಲ್ಲಿ ಉಳಿದದ್ದು. ಆಮೇಲೆ 75 ಕೆ.ಜಿ.ಯ ಚೀಲದ ಲೆಕ್ಕದಲ್ಲಿ ನೆಲ್ಲು ತಂದವರ ಹೆಸರು, ಹಮಾಲಿ, ಲಾರಿ ಬಾಡಿಗೆ, ನುಚ್ಚು ಮಾರಿದ್ದು, ಚಾ. ಕೊನೆಗೆ ಅಖೈರು ಶಿಲ್ಕು. ಮಾವ ಬರೆಯುವಾಗ ನಾಲಿಗೆಯ ತುದಿ ಬಾಯಿಯ ಎಡಗಡೆಗೆ ಬಂದು ನಿಲ್ಲುತ್ತಿತ್ತು, ಜಮಾದಿಂದ ಖರ್ಚಿಗೆ ಕೈ ಹೋದರೆ ನಾಲಿಗೆಯೂ ಬಲಗಡೆಗೆ ಹೋಗುತ್ತಿತ್ತು. ನಾನು ಎದುರಿಗೆ ಕೂತು ಅದನ್ನೇ ನೋಡುತ್ತಿದ್ದೆ.

ಮೇ ತಿಂಗಳಲ್ಲಿ ಕಾಲುವೆ ಬಂದ್. ಎರಡನೇ ಬೆಳೆಯ ನೆಲ್ಲು ಬಂದು ಮುಗಿದಿರುತ್ತಿತ್ತು, ಮಿಲ್ಲು ಎಷ್ಟೋ ದಿನ ತಿರುಗುತ್ತಲೇ ಇರಲಿಲ್ಲ. ಹಮಾಲರು ಬೇವಿನ ನೆರಳಲ್ಲಿ ಮಲಗಿರುವರು, ಕಾಟಾದ ಮೇಲೆ ಆಡು ನಿಂತಿರುವುದು. ಆದರೂ ಮಾವ ಅಂಗಿ ತೊಟ್ಟು ಹೋಗುವನು, ಗಾದಿ ಝಾಡಿಸಿ ಕೂರುವನು, ಕಿರ್ದಿ ತೆಗೆಯುವನು. ಶ್ರೀ. ತಾರೀಖು. ಆರಂಭ ಶಿಲ್ಕು. ಅದರ ಕೆಳಗೆ ಒಂದು ಗೆರೆ. ಅಖೈರು ಶಿಲ್ಕು. ಎರಡೂ ಒಂದೇ ಮೊತ್ತ. ಬ್ಲಾಟಿಂಗ್ ಕಾಗದ ಒತ್ತಿ ಮುಚ್ಚುವನು.

“ಮಾಮ, ಇವತ್ತು ಏನೂ ಯಾಪಾರ ಇಲ್ಲಲ್ಲ, ಮತ್ತ್ಯಾಕ ಬರದಿ?”

“ಶಿಲ್ಕು ಐತಲ್ಲಲೇ.”

“ಅದು ನಿನ್ನೀದಾ.”

“ನಿನ್ನೀದು ಇವತ್ತೂ ಐತಂತ ಬರೀಬೇಕಲ್ಲ. ಇಲ್ಲಾಂದ್ರ ನಾಳೆ ಎಲ್ಲಿಂದ ಹಿಡಕಂಬೇಕು?”

ಆಗ ನನಗೆ ಅದು ಗುಮಾಸ್ತರ ಹಟ ಅನಿಸಿತ್ತು. ಈಗಲೂ ಸ್ವಲ್ಪ ಹಾಗೇ ಅನಿಸುತ್ತದೆ. ಮಾವನಿಗೆ ಸಾಹಿತ್ಯ ಗೀಹಿತ್ಯ ಏನೂ ಗೊತ್ತಿರಲಿಲ್ಲ. ಪಂಚಾಂಗ ಬಿಟ್ಟರೆ ಅವನು ಓದುತ್ತಿದ್ದದ್ದು ನೆಲ್ಲಿನ ರೇಟು. ಆದರೆ ಅವನ ಕಿರ್ದಿಗಳಲ್ಲಿ ಖಾಲಿ ಬಿಟ್ಟ ತಾರೀಖು ನಾನು ಕಂಡಿಲ್ಲ. ಅವನ ಮಗಳ ಮದುವೆಯ ದಿನದ ಪುಟದಲ್ಲೂ ಎರಡು ಸಾಲಿನ ಶಿಲ್ಕು ಇತ್ತು. ಬೀಗರು ಕೈ ತೊಳೆದು ಎಲೆಗೆ ಕೂರುವುದಕ್ಕೂ ಇವನು ಮಿಲ್ಲಿಗೆ ಓಡುವುದಕ್ಕೂ ಸರಿಹೋಗಿ, ಅತ್ತೆ ಅವನನ್ನು ಬೈದದ್ದು ಈಗಲೂ ಮನೆಯಲ್ಲಿ ಮಾತಿಗೆ ಬರುತ್ತದೆ.

ಸಿರುಗುಪ್ಪ ತಾಲ್ಲೂಕಿಗೆ ಬರವಣಿಗೆಯ ಹಟ ಹೊಸದೇನಲ್ಲ ಎಂದು ನನಗೆ ತಿಳಿದದ್ದು ಕಾಲೇಜಿನಲ್ಲಿ ಪಾಠ ಹೇಳಲು ಶುರು ಮಾಡಿದ ಮೇಲೆ. ಮಕ್ಕಳನ್ನು ಕಟ್ಟಿಕೊಂಡು ನಿಟ್ಟೂರಿಗೆ ಹೋಗಿದ್ದೆ, ಅಶೋಕನ ಶಾಸನ ತೋರಿಸಲು. ನಿಟ್ಟೂರು, ಉಡೇಗೋಳಂ, ಎರಡೂ ಇದೇ ತಾಲ್ಲೂಕು, ಎರಡರಲ್ಲೂ ಅಶೋಕ ಎಂಬ ಹೆಸರೇ ಇದೆ. ಬೇರೆ ಕಡೆಯೆಲ್ಲ ಬರೀ ದೇವಾನಾಂಪ್ರಿಯ. ಹೆಸರು ಸಿಗುವುದು ರಾಯಚೂರು ಜಿಲ್ಲೆಯ ಮಸ್ಕಿ ಸೇರಿ ಬೆರಳೆಣಿಕೆಯ ಕಡೆ. ಮಕ್ಕಳು ಫೋಟೋ ತೆಗೆಸಿಕೊಳ್ಳುವುದರಲ್ಲಿದ್ದರು. ನನಗೆ ರಾಜನಿಗಿಂತ ಉಳಿ ಹಿಡಿದವನ ಚಿಂತೆ. ಎರಡು ಸಾವಿರ ವರ್ಷದ ಮೇಲಾಯಿತು, ಇಂಥದೇ ಬಿಸಿಲು, ಇಂಥದೇ ಕಾದ ಬಂಡೆ. ತಂದೆತಾಯಿಯ ಮಾತು ಕೇಳಿ, ಗುರುಹಿರಿಯರನ್ನು ಗೌರವಿಸಿ, ಪ್ರಾಣಿಗಳಲ್ಲಿ ದಯೆಯಿರಲಿ. ವಿಷಯದಲ್ಲಿ ಹೊಸದೇನಿಲ್ಲ, ಪಕ್ಕದ ಊರಲ್ಲೂ ಅದೇ ಕೆತ್ತಬೇಕು. ಅವನು ‘ಸ್ಫೂರ್ತಿ ಬಂದಿಲ್ಲ’ ಎಂದು ಮರದ ಕೆಳಗೆ ಕೂತಿದ್ದರೆ ಮಹಾಮಾತ್ರರು ಏನನ್ನುತ್ತಿದ್ದರೋ.

ಆದರೂ ಆ ಕಸುಬಿನವರಿಗೂ ಬೇಜಾರು ಬರುತ್ತಿತ್ತು ಅನ್ನುವುದಕ್ಕೆ ನನ್ನ ಹತ್ತಿರ ಸಾಕ್ಷಿ ಇದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಶಾಸನಗಳನ್ನು ಬರೆದವನು ಚಪಡ. ರಾಜನ ಮಾತೆಲ್ಲ ಮುಗಿದ ಮೇಲೆ ಕೊನೆಯಲ್ಲಿ ತನ್ನ ಹೆಸರು ಹಾಕಿ, ತಾನು ಲಿಪಿಕಾರ ಎಂಬುದನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿಟ್ಟ. ಖರೋಷ್ಠಿ ಬಲದಿಂದ ಎಡಕ್ಕೆ ಓಡುವ ವಾಯವ್ಯ ದೇಶದ ಲಿಪಿ, ಮೊಳಕಾಲ್ಮೂರಿನ ಸೀಮೆಯಲ್ಲಿ ಅದನ್ನು ಓದುವವರು ಯಾರಿದ್ದರು? ಯಾರೂ ಇಲ್ಲ, ಅದಕ್ಕೇ ಬರೆದ. ಅತ್ತ ಗುತ್ತಿಯ ಹತ್ತಿರದ ಎರ್ರಗುಡಿಯಲ್ಲಿ ಇನ್ನೊಬ್ಬ ಮಹಾರಾಯ ಬ್ರಾಹ್ಮಿಯ ಕೆಲವು ಸಾಲುಗಳನ್ನು ಎಡದಿಂದ ಬಲಕ್ಕೆ, ಕೆಲವನ್ನು ಬಲದಿಂದ ಎಡಕ್ಕೆ ಕೆತ್ತಿದ್ದಾನೆ. ವಿದ್ವಾಂಸರು ಅದಕ್ಕೆ ಬೇರೆ ಬೇರೆ ಕಾರಣ ಕೊಡುತ್ತಾರೆ. ನನಗಂತೂ ಮಧ್ಯಾಹ್ನ ಮೂರು ಗಂಟೆಯ ಬೇಜಾರು ಅದರಲ್ಲಿ ಸ್ಪಷ್ಟ ಕಾಣುತ್ತದೆ. ಬೇಜಾರಾದರೂ ಕೆಲಸ ನಿಲ್ಲಿಸಲಿಲ್ಲ, ದಿಕ್ಕು ಬದಲಿಸಿದ.

ಬಳ್ಳಾರಿಯ ಪಾದ್ರಿಗಳದೂ ಇದೇ ಜಾತಿಯ ಹಟ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದಾಗ ಅವನಿಗೆ ಕನ್ನಡವೇ ಬರುತ್ತಿರಲಿಲ್ಲ. ಕಲಿತು, ಅನುವಾದಿಸಿ, ತಿದ್ದಿ, ಪೂರ್ತಿ ಕನ್ನಡ ಬೈಬಲ್ ಹೊರಬೀಳುವಾಗ 1831. ಅವನ ಜೊತೆಗಿದ್ದ ವಿಲಿಯಂ ರೀವ್ ಕನ್ನಡ–ಇಂಗ್ಲಿಷ್ ನಿಘಂಟು ಮಾಡಿದ, 1832ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ನಿಘಂಟು ಬರೆಯುವವನಿಗೆ ಮೂಡ್ ಎಂಬುದು ಎಲ್ಲಿ ಬರಬೇಕು? ಇವತ್ತು ‘ಗ’ಕಾರ ಬೇಡ, ಮನಸ್ಸು ಭಾರವಾಗಿದೆ, ‘ಹ’ಕಾರ ನೋಡೋಣ ಎನ್ನಲು ಸಾಧ್ಯವೇ? ಫ್ಯಾನಿಲ್ಲದ ಬಳ್ಳಾರಿಯಲ್ಲಿ, ಉಣ್ಣೆಯ ಕೋಟು ತೊಟ್ಟು ಇಪ್ಪತ್ತು ವರ್ಷ. ನೆನೆದರೆ ನನ್ನ ಬೆನ್ನಲ್ಲಿ ಬೆವರು ಬರುತ್ತದೆ.

ಆದರೆ ನಾನೂ ಒಂದು ಕಾಲದಲ್ಲಿ ತಡೆಯಿಲ್ಲದೆ ಬರೆದವಳು. ಅದು ಕುರುಗೋಡಿನಲ್ಲಿ, ಆರನೇ ಕ್ಲಾಸಿನಲ್ಲಿದ್ದಾಗ. ಅಕ್ಷರ ದುಂಡಗಿದೆ ಎಂದು ಮೇಷ್ಟ್ರು ಒಮ್ಮೆ ಹೊಗಳಿದ್ದೇ ತಪ್ಪಾಯಿತು, ದೊಡ್ಡಬಸವೇಶ್ವರ ಗುಡಿಯ ಬೀದಿಯ ಪತ್ರಗಳೆಲ್ಲ ನನ್ನ ಪಾಲಿಗೆ ಬಂದವು. ಮಗ ದೋಣಿಮಲೈ ಮೈನ್ಸಿನಲ್ಲಿ, ಅಳಿಯ ಬೆಂಗಳೂರಿನಲ್ಲಿ, ತಮ್ಮ ಮಿಲಿಟರಿಯಲ್ಲಿ. ಪೋಸ್ಟ್‌ಕಾರ್ಡಾದರೆ ಬೇಗ ಮುಗಿಯುತ್ತಿತ್ತು. ಇನ್‌ಲ್ಯಾಂಡ್ ತಂದವರು ಸಂಜೆಯವರೆಗೆ ಬಿಡುತ್ತಿರಲಿಲ್ಲ.

ಎದುರುಮನೆಯ ಅಜ್ಜಿ ಯಾವಾಗಲೂ ಇನ್‌ಲ್ಯಾಂಡೇ. ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಕೂರಿಸಿಕೊಂಡು ಹೇಳುವಳು. ಒಳಗೆ ಗರ್ಭಗುಡಿ ತುಂಬ ಆ ಏಕಶಿಲೆಯ ಬಸವ, ಹೊರಗೆ ಇವಳ ಮಾತು. ಎಮ್ಮೆ ಈದದ್ದರಿಂದ ಶುರು. ಕರು ಹೆಣ್ಣು. ಹಣೆಯ ಮೇಲೆ ಬಿಳಿ ಚುಕ್ಕೆ. ಗಿಣ್ಣವನ್ನು ಮನೆಮನೆಗೆ ಕೊಟ್ಟದ್ದು, ಮೂಲೆಮನೆಯವಳು ಮಾತ್ರ ಪಾತ್ರೆ ತಿರುಗಿ ಕೊಡದಿದ್ದದ್ದು. ಹೋಳಿಹುಣ್ಣಿಮೆಗೆ ತೇರು, ನೀನು ಬರದಿದ್ದರೆ ನಾನು ತೇರಿಗೆ ಹೋಗುವುದಿಲ್ಲ, ಹೋದರೂ ಬಾಳೆಹಣ್ಣು ಎಸೆಯುವುದಿಲ್ಲ. ನಾನು ಮೊದಮೊದಲು ಇದನ್ನೆಲ್ಲ ಪುಸ್ತಕದ ಭಾಷೆಗೆ ತಿರುಗಿಸಿ ಬರೆಯುತ್ತಿದ್ದೆ. ಓದಿ ಹೇಳು ಎನ್ನುತ್ತಿದ್ದಳು. ‘ಎಮ್ಮೆಯು ಹೆಣ್ಣು ಕರುವಿಗೆ ಜನ್ಮ ನೀಡಿದೆ’ ಎಂದು ಓದಿದರೆ, “ಇದು ಯಾರ ಎಮ್ಮೀಯವ್ವ?” ಎಂದಳು. ಅಲ್ಲಿಂದ ಮುಂದೆ ಅವಳು ಹೇಳಿದ ಹಾಗೇ ಬರೆದೆ.

ಅಜ್ಜಿ ಒಮ್ಮೆಯೂ ‘ಏನು ಬರೆಸಲಿ’ ಎಂದು ಯೋಚಿಸಿದವಳಲ್ಲ. ನಾನೇ ಕೈ ಸೋತು, “ಮತ್ತೇನರ ಐತೇನಜ್ಜಿ?” ಎನ್ನಬೇಕು. ಆಗ ಅವಳು ಕೇಳುವುದು ಒಂದೇ, “ಜಾಗ ಐತೇನು?” ಇನ್‌ಲ್ಯಾಂಡನ್ನು ತಿರುಗಿಸಿ ನೋಡಿ, ಅಂಟಿನ ಪಟ್ಟಿಯ ಪಕ್ಕ ಎರಡು ಬೆರಳು ಜಾಗ ಐತಿ ಎಂದರೆ, “ಹಂಗಾರ ಕರುವಿನ ಹೆಸರು ಗಂಗಿ ಅಂತ ಇಟ್ಟೀವಿ, ಅದನ್ನೂ ಬರಿ.” ಅವಳಿಗೆ ಕಾಗದ ಮುಗಿಯುತ್ತಿತ್ತು, ಮಾತು ಮುಗಿಯುತ್ತಿರಲಿಲ್ಲ. ನನಗೆ ಈಗ ಕಪಾಟು ತುಂಬ ಕಾಗದ.

ಕಳೆದ ದೀಪಾವಳಿಯ ಮುಂದೆ ಬ್ರೂಸ್‌ಪೇಟೆಯ ಕಡೆ ಹೋಗಿದ್ದಾಗ ಒಂದು ಅಂಗಡಿಯಲ್ಲಿ ಕಿರ್ದಿ ಪುಸ್ತಕಗಳನ್ನು ಪೇರಿಸಿಟ್ಟಿದ್ದರು. ಲಕ್ಷ್ಮೀಪೂಜೆಗೆ ಹೊಸ ಲೆಕ್ಕದ ಪುಸ್ತಕ ಇಡುವವರು ಇನ್ನೂ ಇದ್ದಾರೆ, ಲೆಕ್ಕವೆಲ್ಲ ಕಂಪ್ಯೂಟರಿನಲ್ಲಿದ್ದರೂ ಪೂಜೆಗಾದರೂ ಒಂದು. ಅದೇ ಕೆಂಪು ರಟ್ಟು. ಕೈಗೆತ್ತಿಕೊಂಡೆ. “ಯಾವ ಅಂಗಡಿಗೆ ಮೇಡಂ?” ಎಂದ ಹುಡುಗ. “ಮನಿಗೆ” ಎಂದೆ. ಅವನು ತಪ್ಪು ತಿಳಿದುಕೊಂಡು ಅರಿಶಿಣ ಕುಂಕುಮದ ಪೊಟ್ಟಣವನ್ನೂ ಒಳಗಿಟ್ಟು ಕೊಟ್ಟ.

ಶ್ರೀ ಬರೆದೆ, ತಾರೀಖು ಹಾಕಿದೆ. ಆರಂಭ ಶಿಲ್ಕು: ಇಷ್ಟು ದಿನ ತಲೆಯಲ್ಲಿದ್ದ ಒಂದು ಅರ್ಧ ವಾಕ್ಯ. ಜಮಾ: ಮುಂಡರಗಿಯ ಜೀನ್ಸ್ ವಾಷಿಂಗ್ ಘಟಕದಿಂದ ಬರುವ ಹುಡುಗನೊಬ್ಬನ ಉಗುರುಗಳ ನೀಲಿ. ಖರ್ಚು: ಫೋನಿನಲ್ಲಿ ಆಡಿ ಮುಗಿಸಿದ ಒಂದು ಒಳ್ಳೆಯ ಸಂಗತಿ, ಇನ್ನು ಬರೆಯಲಿಕ್ಕಾಗುವುದಿಲ್ಲ. ಏನೂ ಇಲ್ಲದ ದಿನ ನಿನ್ನೆಯ ಅರ್ಧ ವಾಕ್ಯವನ್ನೇ ಇಳಿಸಿ, ಗೆರೆ ಎಳೆದು, ಕೆಳಗೆ ಅದನ್ನೇ ಇನ್ನೊಮ್ಮೆ ಬರೆದು ಮುಚ್ಚಿದೆ. ಒಂದೇ ವಾಕ್ಯವನ್ನು ಹಾಗೆ ದಿನಾ ಎರಡೆರಡು ಸಲ ಬರೆಯುತ್ತಿದ್ದರೆ ಕೈಗೇ ನಾಚಿಕೆಯಾಗಿ ಒಂದು ದಿನ ಒಂದು ಪದ ಬದಲಿಸುತ್ತದೆ. ಇನ್ನೊಂದು ದಿನ ಅದರ ಮುಂದಿನ ವಾಕ್ಯ ಬರುತ್ತದೆ. ಬಾರದಿದ್ದರೆ ಗೆರೆ. ನೀರು ಬರುವ ಹೊತ್ತಿಗೂ ಹಾಲಿನವನು ಬರುವ ಹೊತ್ತಿಗೂ ಇದರಿಂದ ಯಾವ ತೊಂದರೆಯೂ ಇಲ್ಲ, ಚೊಂಬು ತುಂಬುವುದರೊಳಗೆ ಮುಗಿಯುತ್ತದೆ. ಮೇಜು ಎಲ್ಲಿದ್ದರೂ ನಡೆಯುತ್ತದೆ. ಅಸಲು, ಕಿರ್ದಿ ಈಗ ಇರುವುದು ಅಡಿಗೆಮನೆಯ ಕಟ್ಟೆಯ ಮೇಲೆ, ಉಪ್ಪಿನ ಡಬ್ಬಿಯ ಪಕ್ಕ.

ಅಲ್ಲಿಟ್ಟದ್ದರಿಂದಲೇ ಇನ್ನೊಂದು ಫಜೀತಿ ಶುರುವಾಯಿತು. ನಮ್ಮ ಅತ್ತೆಗೆ ಎಂಬತ್ತು ದಾಟಿದೆ, ನಾಲ್ಕನೇ ಇಯತ್ತೆಯವರೆಗೆ ಓದಿದವರು. ಕೆಂಪು ರಟ್ಟಿನ ಪುಸ್ತಕ ಕಟ್ಟೆಯ ಮೇಲಿದ್ದರೆ ಅದು ಮನೆಯ ಲೆಕ್ಕದ್ದಲ್ಲದೆ ಮತ್ತಿನ್ನೇನು? ಒಂದು ದಿನ ಖರ್ಚಿನ ಕಡೆ ಪೆನ್ಸಿಲ್ಲಿನಲ್ಲಿ ದಪ್ಪ ಅಕ್ಷರ ಕಂಡಿತು: ‘ಹಾಲು ಅರ್ಧ ಲೀಟರ್ ಹೆಚ್ಚು. ಬೀಗರು ಬಂದಿದ್ದರು. ಬೇಗ ಹೋಗಲಿಲ್ಲ.’

ನಾನು ಅಲ್ಲೇ ನಿಂತು ಎರಡು ಸಲ ಓದಿದೆ. ಎಡಗಡೆ ನನ್ನದು ಮೋಡ, ಮೌನ, ಮುಸ್ಸಂಜೆ ಎಂದು ಏನೇನೋ ಹರಡಿಕೊಂಡಿತ್ತು. ಮರುದಿನ ಮತ್ತೆ: ‘ಕೊತ್ತಂಬರಿ ಹತ್ತು ರೂಪಾಯಿ. ಕೊಟ್ಟದ್ದು ನಾಕು ಕಡ್ಡಿ. ನಾಳೆ ಆಕಿ ಬರಲಿ.’ ಆ ‘ನಾಳೆ’ಗಾಗಿ ನಾನು ಯಾವ ಧಾರಾವಾಹಿಗೂ ಕಾಯದ ಹಾಗೆ ಕಾದೆ. ಬೆಳಿಗ್ಗೆ ಎದ್ದವಳೇ ಕಟ್ಟೆಯ ಹತ್ತಿರ ಹೋದರೆ ಇನ್ನೂ ಬರೆದಿಲ್ಲ. ಸ್ನಾನ, ಪೂಜೆ, ನಾಷ್ಟಾ ಎಲ್ಲ ಆದ ಮೇಲೆ ಬರೆದರು: ‘ಆಕಿ ಬಂದಳು. ಮೊಮ್ಮಗಳಿಗೆ ಜ್ವರ. ಹತ್ತು ಹೋಗಲಿ.’ ಅದರ ಕೆಳಗೆ, ಬಹುಶಃ ಯೋಚನೆ ಮಾಡಿ, ‘ಕೊತ್ತಂಬರಿ ಇವತ್ತೂ ಕಮ್ಮಿ.’

“ಅತ್ತೆ, ನೀವು ಇದನ್ನ ಯಾವಾಗ ಬರೀತೀರಿ?” ಎಂದು ಕೇಳಿದೆ.

“ಕುಕ್ಕರ್ ಇಟ್ಟಿರ್ತಿ ನೋಡವ್ವ, ಸೀಟಿ ಬರೂತನ ಸುಮ್ನ ಏನ್ ಮಾಡ್ಲಿ.”

ಇನ್ನು ಬೆಂಡೆಕಾಯಿಯ ಅಂಗಡಿಯಲ್ಲಿ ಯಾರಾದರೂ ಕೇಳಿದರೆ ನಡದೈತಿ ಎನ್ನಲು ನನಗೆ ಸಂಕೋಚವಿಲ್ಲ, ಆದರೆ ನಡೆಸುತ್ತಿರುವವರು ಯಾರೆಂದು ಕೇಳಬಾರದು. ಪತ್ರಿಕೆಯೊಂದರಿಂದ ಯುಗಾದಿಗೆ ಏನಾದರೂ ಕೊಡಿ ಎಂದು ಫೋನು ಬಂದಾಗ ಕಿರ್ದಿ ತೆಗೆದು ಕೂತೆ. ಎಡಗಡೆಯಿಂದ ಸ್ವಲ್ಪ, ಬಲಗಡೆಯಿಂದ ಬಹಳ. ಅತ್ತೆಯನ್ನು ಒಂದು ಮಾತು ಕೇಳದೆ ಕಳಿಸುವುದು ಸರಿಯಲ್ಲ ಅನಿಸಿತು. ಕೊತ್ತಂಬರಿ ಸೋಸುತ್ತಿದ್ದರು. ನಿಮ್ಮ ಲೆಕ್ಕವನ್ನೆಲ್ಲ ಪೇಪರಿನಲ್ಲಿ ಹಾಕಲೇ ಎಂದೆ.

“ರೊಕ್ಕ ಕೊಡ್ತಾರೇನು?”

“ಕೊಡ್ತಾರ. ಯಾವಾಗ ಅಂತ ಹೇಳಕ್ಕಾಗಲ್ಲ.”

“ಹಂಗಾರ ಜಮಾಕ್ಕ ಹಾಕಬ್ಯಾಡ,” ಎಂದರು ಕಡ್ಡಿ ಮುರಿಯುತ್ತಾ. “ಉದ್ರಿ ಅಂತ ಬರಿ.”